ಮೊಝೆಲಮ್ಮನಿಗೆ ಹತ್ತು ಜನ

ಖಾದರ್ ಸಾಹೇಬರ ಕೈಗೆ ಫೋನು ಕೊಟ್ಟು ‘ಜನ ಬೇಕು’ ಎಂದರೆ ಸಾಕು, ಮುಂದಿನದನ್ನು ಯಾರಿಂದಲೂ ತಡೆಯಲಾಗುವುದಿಲ್ಲ. ಅಪಾರ್ಟ್‌ಮೆಂಟು ಬದಲಾಯಿಸುವವರ ಸೋಫಾ ಎತ್ತಲು ನಾಲ್ವರು, ನಾಮಕರಣದ ಊಟ ಬಡಿಸಲು ಎಂಟು ಜನ, ಯಾರಿಗೋ ರಕ್ತ ಬೇಕೆಂದರೆ ಹನ್ನೆರಡು ಜನ, ಎಲ್ಲರೂ ಅವರ ಬೆರಳ ತುದಿಯಲ್ಲೇ ಇದ್ದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದ ಮನುಷ್ಯ, ಮೂವತ್ತೊಂದು ವರ್ಷದ ಹಿಂದೆ ಸ್ಯಾನ್ ಹೋಸೆಗೆ ಬಂದು ಬೆರ್ರಿಯೆಸಾ ಬಡಾವಣೆಯಲ್ಲಿ ಗ್ರೋಸರಿ ಅಂಗಡಿ ಇಟ್ಟರು. ಈಗ ಅಂಗಡಿಯನ್ನು ತಮ್ಮನಿಗೆ ವಹಿಸಿ ಮನೆಯಲ್ಲಿ ಆರಾಮಾಗಿ ಕೂತಿದ್ದಾರೆ ಎಂದು ಬರೆಯಬಹುದಿತ್ತು. ಆದರೆ ಅವರು ಎಲ್ಲಿಯಾದರೂ ಕೂತದ್ದನ್ನು ಹೆಂಡತಿ ಖಾಲಿದಾ ಇನ್ನೂ ಕಂಡಿಲ್ಲ.

ಇಂಥ ಖಾದರ್ ಸಾಹೇಬರಿಗೆ ಅರವತ್ತೇಳನೆಯ ವಯಸ್ಸಿನಲ್ಲಿ, ಮಾರ್ಚ್ ತಿಂಗಳ ಒಂದು ಮಂಗಳವಾರ, ಬರೀ ಹತ್ತು ಜನರನ್ನು ಕೂಡಿಸುವಷ್ಟರಲ್ಲಿ ನೀರಿಳಿದುಹೋಯಿತು.

ಎದುರು ಮನೆಯ ಮೊಝೆಲಮ್ಮ ತೀರಿಕೊಂಡಿದ್ದರು. ತೊಂಬತ್ತೊಂದು ವರ್ಷ. ಬೆಂಗಳೂರಿನ ಯಹೂದಿ ಹೆಂಗಸು. ಬೆಂಗಳೂರಿನಲ್ಲಿ ಯಹೂದಿಗಳಿದ್ದರು ಎಂದರೆ ಬೆಂಗಳೂರಿನವರೇ ಹುಬ್ಬೇರಿಸುತ್ತಾರೆ. ಇದ್ದರು, ಬೆರಳೆಣಿಕೆಯಷ್ಟು ಮನೆಗಳು. ಮೊಝೆಲಮ್ಮನ ಅಜ್ಜ ಬಾಗ್ದಾದಿನಿಂದ ಬಟ್ಟೆ ವ್ಯಾಪಾರಕ್ಕೆಂದು ಬಂದು ಕಂಟೋನ್ಮೆಂಟಿನಲ್ಲಿ ನೆಲೆ ನಿಂತವರು. ಮೊಮ್ಮಗಳು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದರು. ಕನ್ನಡ ಕಲಿತದ್ದೂ ಆ ವಾರ್ಡಿನಲ್ಲೇ, ಹಾಗಾಗಿ ಆಕೆಯ ಕನ್ನಡದಲ್ಲಿ ಅರ್ಧ ಗದರಿಕೆ, ಅರ್ಧ ಸಮಾಧಾನ.

ಹದಿನಾಲ್ಕು ವರ್ಷದ ಹಿಂದೆ ಖಾದರ್ ಸಾಹೇಬರ ಅಂಗಡಿಗೆ ಬಿಳಿ ಚರ್ಮದ, ಫ್ರಾಕು ತೊಟ್ಟ ಒಬ್ಬ ಮುದುಕಿ ಬಂದು, ಒಂದು ಬದನೆಕಾಯಿ ಎತ್ತಿ ಹಿಡಿದು, “ಏನಪ್ಪಾ, ಇದನ್ನ ಪಲ್ಯ ಮಾಡ್ಬೇಕೋ, ಮಣ್ಣು ಮಾಡ್ಬೇಕೋ?” ಎಂದು ಅಚ್ಚ ಬೆಂಗಳೂರು ಕನ್ನಡದಲ್ಲಿ ಕೇಳಿದಾಗ ಅವರ ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಕೆಳಗೆ ಬಿತ್ತು. ಅಂದಿನಿಂದ ಎರಡು ಮನೆಗೂ ಒಂದೇ ಬಾಗಿಲಾಯಿತು. ರಂಜಾನಿನಲ್ಲಿ ಮೊಝೆಲಮ್ಮ ಖರ್ಜೂರದ ಬಿಸ್ಕತ್ತು ಮಾಡಿ ಕಳಿಸುವರು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಮೊಝೆಲಮ್ಮ ಒಲೆ ಹಚ್ಚುವುದಿಲ್ಲವೆಂದು ಖಾಲಿದಾ ಶುಕ್ರವಾರವೇ ಹುಳಿ ಅನ್ನ ಕಲೆಸಿ ಕೊಟ್ಟುಬರುವರು.

ಮಂಗಳವಾರ ಬೆಳಿಗ್ಗೆ ಮಣ್ಣು ಮಾಡಿದರು. ಅಲ್ಲಿಯೇ ಎಡವಟ್ಟಾದದ್ದು.

ಯಹೂದಿಗಳಲ್ಲಿ ಕದ್ದಿಶ್ ಎಂಬ ಪ್ರಾರ್ಥನೆಯಿದೆ. ತಂದೆ ತಾಯಿ ಹೋದಾಗ ಮಕ್ಕಳು ಹೇಳಬೇಕಾದದ್ದು. ಆದರೆ ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ಯಹೂದಿಗಳು ಜೊತೆಗೆ ನಿಂತಿರಬೇಕು. ಸಮಾಧಿಯ ಬಳಿ ಇದ್ದ ಯಹೂದಿಗಳೋ ನಾಲ್ಕೇ ಮಂದಿ: ಮೊಝೆಲಮ್ಮನ ಒಬ್ಬಳೇ ಮಗಳು ಸರೀನಾ, ಅವಳು ಕೆಲಸ ಮಾಡುವ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ, ಲಾಸ್ ಏಂಜಲೀಸಿನಿಂದ ವಿಮಾನ ಹತ್ತಿ ಬಂದ ಸರೀನಾಳ ಸೋದರಮಾವನ ಮಗ ಎಲಿಯಾಸ್. ಪುಸ್ತಕ ಹಿಡಿದು ಓದಿಸುತ್ತಿದ್ದ ಎಲಿಯಾಸ್ ಆ ಪುಟ ಬಂದಾಗ ನಿಲ್ಲಿಸಿ, “ಹತ್ತು ಗಂಡಸರಿಲ್ಲ, ಇದನ್ನು ಬಿಡಬೇಕು” ಎಂದು ಪುಟ ಮಗುಚಿಬಿಟ್ಟ.

ಮನೆಗೆ ಬಂದು, ಶೋಕದ ಏಳು ದಿನ ಕೂರಬೇಕಾದ ಗಿಡ್ಡ ಸ್ಟೂಲಿನ ಮೇಲೆ ಕೂತ ಸರೀನಾ ಅಳಲಿಲ್ಲ. ಗೋಡೆ ನೋಡುತ್ತಾ ಕೂತಳು. ಶೋಕದ ಮನೆಯಲ್ಲಿ ಕನ್ನಡಿ ಕಾಣಬಾರದೆಂದು ಕನ್ನಡಿಗಳ ಮೇಲೆಲ್ಲ ತಮ್ಮ ದುಪಟ್ಟಾಗಳನ್ನು ಹೊದಿಸುತ್ತಿದ್ದ ಖಾಲಿದಾ ಗಂಡನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಖಾದರ್ ಸಾಹೇಬರು ಹೋಗಿ ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

“ಬೆಂಗ್ಳೂರಲ್ಲಿ ನಮ್ಮಜ್ಜಿ ಹೋದಾಗ ಒಂಬತ್ತು ಗಂಡಸರು ಸಿಕ್ಕಿದ್ರಂತೆ ಖಾದರ್ ಭಾಯ್,” ಎಂದಳು ಸರೀನಾ. “ಹತ್ತನೆಯವ್ರು ಮದ್ರಾಸಿಂದ ಬರ್ಬೇಕಿತ್ತು, ಟ್ರೈನು ಲೇಟಾಯ್ತು. ಅಮ್ಮ ಅಲ್ಲೇ ಹಿಂದೆ ನಿಂತಿದ್ಲು. ಹೆಂಗಸು, ಲೆಕ್ಕಕ್ಕಿಲ್ಲ. ಕದ್ದಿಶ್ ಹೇಳ್ದೇನೇ ಅಜ್ಜೀನ ಕಳಿಸಿಬಿಟ್ರು. ಐವತ್ತು ವರ್ಷ ಅದನ್ನೇ ಹೇಳಿ ಹೇಳಿ ಅತ್ಲು ನಮ್ಮಮ್ಮ. ಅಲ್ಲಿ ನಮ್ಮ ಜನ ಇರ್ಲಿಲ್ಲ, ಸರಿ. ಇಲ್ಲಿ ಇಷ್ಟೊಂದು ಜನ ಇದಾರೆ! ಇಲ್ಲೂ ನಾನು ಅಮ್ಮನ್ನ ಹಾಗೇ ಕಳಿಸ್ಬೇಕಾ?”

ಖಾದರ್ ಸಾಹೇಬರು ಇನ್ನೂ ಹತ್ತಿರ ಸರಿದರು. “ಇವತ್ತೇ ಆಗ್ಬೇಕಾ ತಂಗೀ?”

“ಮಣ್ಣು ಮಾಡಿದ ದಿನ ಮುಗಿಯೋದ್ರೊಳಗೆ ಆದ್ರೆ ಅಮ್ಮನಿಗೆ... ನನಗೆ ಸಮಾಧಾನ. ನಮ್ಮಲ್ಲಿ ಸೂರ್ಯ ಮುಳುಗಿದ್ರೆ ದಿನ ಮುಗೀತು.”

ಫೋನು ತೆಗೆದು ನೋಡಿದರು. ಸೂರ್ಯಾಸ್ತ ಏಳು ಗಂಟೆ ಹದಿನಾರು ನಿಮಿಷಕ್ಕೆ. ಆಗ ಒಂದೂವರೆ. “ಹತ್ತು ಗಂಡಸರು ತಾನೇ?” ಎಂದು ಎದ್ದರು ಖಾದರ್ ಸಾಹೇಬರು. “ಇಪ್ಪತ್ತು ಜನಾನ ನಿಲ್ಲಿಸ್ತೀನಿ, ನೀನು ಸುಮ್ನಿರು.”

ಇಲ್ಲಿಂದ ಮುಂದೆ ಆ ಮನೆಯಲ್ಲಿ ಶುರುವಾದ ಗಡಿಬಿಡಿಯನ್ನು ಶೋಕ ಎನ್ನಬೇಕೋ ಮದುವೆ ಮನೆ ಎನ್ನಬೇಕೋ ತಿಳಿಯದು. ಖಾದರ್ ಸಾಹೇಬರ ಮಗಳು ನೌರೀನ್, ಅಪ್ಪನ ಫೋನು ಬಂದದ್ದೇ, ಮೌಂಟನ್ ವ್ಯೂನ ಆಫೀಸಿನಲ್ಲಿ ಮೀಟಿಂಗಿನ ಮಧ್ಯೆ ಎದ್ದು ಹೋಗಿ, ಲಾಸ್ ಗ್ಯಾಟೋಸ್ ಕಡೆಯ ಒಂದು ಯಹೂದಿ ಪ್ರಾರ್ಥನಾ ಸಭೆಗೆ ಈಮೇಲು ಹಾಕಿದಳು. ಹತ್ತು ನಿಮಿಷದಲ್ಲಿ ಉತ್ತರ: ‘ಆರೂವರೆಗೆ ಬರುತ್ತೇನೆ. ಇನ್ನಷ್ಟು ಜನರಿಗೂ ತಿಳಿಸಿದ್ದೇನೆ. ರಬ್ಬಿ ಏರಿಯಲ್.’ ರಬ್ಬಿ ಎಂದರೆ ಅವರ ಗುರುಗಳು. ಇತ್ತ ಖಾದರ್ ಸಾಹೇಬರು ತಮಗಿದ್ದ ಹದಿನೇಳು ವಾಟ್ಸಾಪ್ ಗುಂಪುಗಳಿಗೂ ಧ್ವನಿ ಸಂದೇಶ ಹಾಕಿದರು. ಒಂದಲ್ಲ, ಎರಡು. ಮೊದಲನೆಯದು: “ನಮ್ಮ ಮೊಝೆಲಮ್ಮ ಹೋಗ್ಬಿಟ್ರು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಆರು ಗಂಟೆಗೆ ಬನ್ನಿ, ತಲೆ ಮೇಲೆ ಟೋಪಿ ಇರ್ಲಿ.” ಉಸಿರು ತೆಗೆದುಕೊಂಡು ಎರಡನೆಯದು: “ಯಹೂದಿಗಳೇ ಆಗ್ಬೇಕು ಕಣ್ರಪ್ಪಾ, ನಿಮ್ಮ ಆಫೀಸಲ್ಲಿ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ.”

ನಮ್ಮ ಜನ ಒಳ್ಳೆಯವರು. ಕೇಳಿದ ಕೂಡಲೇ ಮುಂದಕ್ಕೆ ಕಳಿಸುತ್ತಾರೆ, ಎರಡನೆಯದು ಬರುವತನಕ ಕಾಯುವುದಿಲ್ಲ. ಮೊದಲ ಸಂದೇಶ ಒಂಟಿಯಾಗಿ ಊರೆಲ್ಲ ಸುತ್ತಿತು.

ಆರು ಗಂಟೆಗೆ ಬೀದಿಯ ತುಂಬ ಕಾರು. ಬಾಗಿಲು ತೆರೆದೇ ಇತ್ತು, ಶೋಕದ ಮನೆಯ ಕದ ತಟ್ಟುವಂತಿಲ್ಲವಂತೆ. ನುಗ್ಗಿ ಬಂದವರಲ್ಲಿ ದಾವಣಗೆರೆಯ ಬಸವಂತಪ್ಪ ಕ್ರಿಕೆಟ್ ಟೋಪಿಯಲ್ಲಿ, ನಾಗರಾಜು ಉಣ್ಣೆಯ ಮಂಗನ ಟೋಪಿಯಲ್ಲಿ, ಮಸೀದಿಯ ಹತ್ತು ಹದಿನೈದು ಜನ ಬಿಳಿ ಟೋಪಿಯಲ್ಲಿ. ನಿವೃತ್ತ ಇಂಜಿನಿಯರ್ ಶೇಷಾದ್ರಿಗಳು ಮೈಸೂರು ಪೇಟ ಸುತ್ತಿಕೊಂಡು, ಹೆಂಡತಿ ನಿರುಪಮಾ ಅವರ ಕೈಯಲ್ಲಿ ಒಂದು ಡಬರಿ ಚಿತ್ರಾನ್ನ ಹೊರಿಸಿಕೊಂಡು ಬಂದರು.

“ಖಾದರ್, ಹತ್ತರಲ್ಲಿ ನಾನು ಇದೀನಿ ಅಂತ ಬರ್ಕೊಳ್ಳಿ,” ಎಂದರು ಶೇಷಾದ್ರಿಗಳು ಏದುಸಿರಿನಲ್ಲಿ. “ಗೋತ್ರ ಕೇಳಿದ್ರೆ ನಮ್ದೇ ಹೇಳ್ಲಾ, ಅವ್ರದ್ದು ಏನಾದ್ರೂ ಇದೆಯಾ?”

ಖಾದರ್ ಸಾಹೇಬರು ಹಣೆ ಹಣೆ ಬಡಿದುಕೊಂಡರು. ನಲವತ್ತಕ್ಕೂ ಮೇಲೆ ಜನ, ಎಲ್ಲರೂ ಒಳ್ಳೆಯ ಮನಸ್ಸಿನಿಂದ ಬಂದವರು, ಒಬ್ಬರೂ ಲೆಕ್ಕಕ್ಕೆ ಬರುವವರಲ್ಲ! ಸರೀನಾ ಸ್ಟೂಲಿನ ಮೇಲಿಂದ ಆ ಟೋಪಿಗಳ ಮೆರವಣಿಗೆ ನೋಡಿ ಬೆಳಗಿನಿಂದ ಮೊದಲ ಬಾರಿಗೆ ನಕ್ಕಳು. ನಕ್ಕದ್ದೇ ತಡ, ಅಳು ಬಂತು. ನಿರುಪಮಾ ಡಬರಿ ಕೆಳಗಿಟ್ಟು ಅವಳನ್ನು ತಬ್ಬಿಕೊಂಡರು.

ಇದ್ದುದರಲ್ಲಿ ಪುಣ್ಯ, ಶೇಷಾದ್ರಿಗಳ ಮಗ ಸುಘೋಷ್ ಎರಡೂ ಸಂದೇಶ ಕೇಳಿದ್ದ. ಮೌಂಟನ್ ವ್ಯೂನಿಂದ ತನ್ನ ಟೀಮಿನ ಇಬ್ಬರು ಯಹೂದಿ ಹುಡುಗರನ್ನು ಕಾರಿನಲ್ಲಿ ತುಂಬಿಕೊಂಡು ಬಂದ. ಲಾಸ್ ಗ್ಯಾಟೋಸಿನಿಂದ ಈಮೇಲು ನೋಡಿದ ಒಬ್ಬ ಬೋಳುತಲೆಯ ಸಂಗೀತದ ಮೇಷ್ಟರು ಬಂದರು. ನೌರೀನ್ ಆಫೀಸಿನ ಒಬ್ಬ ಹುಡುಗಿಯನ್ನು ಕರೆತಂದಳು.

“ಗಂಡಸರನ್ನ ಕರ್ಕೊಂಡು ಬಾ ಅಂದ್ರೆ ಫ್ರೆಂಡನ್ನ ಕರ್ಕೊಂಡು ಬಂದಿದೀಯಲ್ಲೇ!” ಎಂದರು ಖಾದರ್ ಸಾಹೇಬರು.

“ಅಬ್ಬಾ, ಶೀ ಈಸ್ ಜ್ಯೂಯಿಷ್!”

“ಇರ್ಲಿ, ಇರ್ಲಿ. ಕೂರಮ್ಮಾ, ಚಾ ಕುಡಿ,” ಎಂದು ಆ ಹುಡುಗಿಯನ್ನು ಡಾಕ್ಟರ ಹೆಂಡತಿಯ ಪಕ್ಕ ಸೋಫಾದಲ್ಲಿ ಕೂರಿಸಿ, ಮನಸ್ಸಿನಲ್ಲೇ ಗಂಡಸರ ಲೆಕ್ಕ ಹಾಕಿದರು. ಎಲಿಯಾಸ್, ಡಾಕ್ಟರು, ಸುಘೋಷನ ಇಬ್ಬರು, ಸಂಗೀತದ ಮೇಷ್ಟರು. ಐದು. ರಬ್ಬಿ ಬಂದರೆ ಆರು. ಲಾಸ್ ಗ್ಯಾಟೋಸಿನ ಉಳಿದವರನ್ನು ಕರೆತರುತ್ತಿದ್ದ ವ್ಯಾನು, ಫ್ರೀವೇಯಲ್ಲಿ ಯಾವುದೋ ಲಾರಿ ಮಗುಚಿದ್ದರಿಂದ, ನಿಂತಲ್ಲೇ ನಿಂತಿದೆಯೆಂದು ಮೇಷ್ಟರು ಫೋನು ನೋಡಿ ಹೇಳಿದರು. ಗಂಟೆ ಆರೂ ಇಪ್ಪತ್ತೈದು.

ಖಾದರ್ ಸಾಹೇಬರು ಹೊಸಿಲ ಮೇಲೆ ನಿಂತು ಬಾಗಿಲ ಚೌಕಟ್ಟು ಹಿಡಿದರು. ಬೆರಳಿಗೆ ಏನೋ ತಗುಲಿತು. ಬಲಗಡೆಯ ಚೌಕಟ್ಟಿಗೆ ಓರೆಯಾಗಿ ಹೊಡೆದ, ಬೆರಳುದ್ದದ ತಗಡಿನ ಕೊಳವೆ. ಮೆಜೂಜಾ. ಒಳಗೆ ದೇವರ ಮಾತು ಬರೆದ ಸುರುಳಿ ಇರುತ್ತದೆ, ಪ್ರತಿ ಯಹೂದಿ ಮನೆಯ ಬಾಗಿಲಲ್ಲೂ ಇರುತ್ತದೆ ಎಂದು ಮೊಝೆಲಮ್ಮ ಹೇಳಿದ್ದರು.

ಪ್ರತಿ ಯಹೂದಿ ಮನೆಯ ಬಾಗಿಲಲ್ಲೂ!

“ರೀ, ಎಲ್ಲಿಗೆ? ಚಪ್ಪಲಿ ಹಾಕ್ಕೊಳ್ರೀ!” ಎಂದು ಖಾಲಿದಾ ಕೂಗುವಷ್ಟರಲ್ಲಿ ಅವರು ಬೀದಿಯಲ್ಲಿದ್ದರು. ಮಂಡಿ ನೋವು, ಮೆಟ್ಟಿಲು ಹತ್ತಬೇಡಿ ಎಂದು ವೈದ್ಯರಿಂದ ಹೇಳಿಸಿಕೊಂಡಿದ್ದ ಮನುಷ್ಯ ಓಡತೊಡಗಿದರು. ಎಡಗಡೆಯ ಮನೆಗಳು, ಬಲಗಡೆಯ ಮನೆಗಳು, ಒಂದೊಂದರ ಮುಂದೂ ನಿಂತು, ಬಗ್ಗಿ, ಬಾಗಿಲ ಚೌಕಟ್ಟು ಇಣುಕಿ ಮುಂದಕ್ಕೆ. ಒಂದು ಕಡೆ ಡೋರ್‌ಬೆಲ್ ಕ್ಯಾಮೆರಾ “ಯಾರು ಬೇಕು?” ಎಂದು ಇಂಗ್ಲಿಷಿನಲ್ಲಿ ಗದರಿತು. “ಯಾರಾದ್ರೂ ಸರಿ, ಯಹೂದಿ ಆಗಿರ್ಬೇಕು!” ಎಂದು ಕನ್ನಡದಲ್ಲಿ ಕೂಗಿ ಮುಂದೆ ಓಡಿದರು. ಹಿಂದೆ ಪೇಟ ಹಿಡಿದುಕೊಂಡು ಶೇಷಾದ್ರಿಗಳೂ ಓಡಿ ಬರುತ್ತಿದ್ದರು. “ಎದುರು ಸಾಲು ನಾನು ನೋಡ್ತೀನಿ, ಏನು ಹುಡುಕ್ಬೇಕು ಹೇಳಿ!”

“ಬಾಗಿಲಿಗೆ ಓರೆಯಾಗಿ ಕೊಳವೆ!”

ಮೂರನೆಯ ಬೀದಿಯಲ್ಲಿ ಶೇಷಾದ್ರಿಗಳು “ಸಿಕ್ತು! ಸಿಕ್ತು!” ಎಂದು ಕುಣಿದರು. ನೀಲಿ ಬಣ್ಣದ ಚಂದದ ಮೆಜೂಜಾ. ಖಾದರ್ ಸಾಹೇಬರು ಕದ ತಟ್ಟಿದರೆ ಬಾಗಿಲು ತೆರೆದದ್ದು ಒಬ್ಬ ವಿಯೆಟ್ನಾಮಿ ಅಜ್ಜಿ. ಮನೆ ಕೊಂಡಾಗಲೇ ಅದು ಅಲ್ಲಿತ್ತಂತೆ. ಹಿಂದಿನವರ ದೇವರನ್ನು ಕಿತ್ತು ಹಾಕಬಾರದೆಂದು ಹಾಗೆಯೇ ಬಿಟ್ಟು, ಹೊಸ ವರ್ಷಕ್ಕೊಮ್ಮೆ ಒರೆಸುತ್ತಾರಂತೆ. ಖಾದರ್ ಸಾಹೇಬರ ಮುಖ ನೋಡಿ ಅಜ್ಜಿಗೆ ಪಾಪವೆನಿಸಿತೇನೋ, ಮೂಲೆ ಮನೆಯ ಕಡೆ ಬೆರಳು ತೋರಿಸಿದಳು. ಇಂಥದೇ ಇನ್ನೊಂದು ಅಲ್ಲಿದೆ, ಒಬ್ಬನೇ ಇದ್ದಾನೆ, ಕೆಟ್ಟ ಸಿಡುಕ ಎಂದಳು.

ಸಿಡುಕನ ಹೆಸರು ಸೆಮ್ಯೋನ್. ಎಪ್ಪತ್ತೆಂಟರ ರಷ್ಯದ ಮುದುಕ, ಬನಿಯನ್ನಿನಲ್ಲಿ ಕೂತು ಕಂಪ್ಯೂಟರಿನ ಜೊತೆ ಚೆಸ್ ಆಡುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡು, “ನಾನು ದೇವರನ್ನು ನಂಬುವುದಿಲ್ಲ. ಪ್ರಾರ್ಥನೆ ಒಂದಕ್ಷರವೂ ಗೊತ್ತಿಲ್ಲ. ಆ ಕೊಳವೆ ನನ್ನ ಹೆಂಡತಿ ಹೊಡೆದದ್ದು, ಅವಳಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಲು ಬಂದ.

ಖಾದರ್ ಸಾಹೇಬರಿಗೆ ರೇಗಿಹೋಯಿತು. “ನಂಬಿ ಅಂತ ಯಾರು ಸ್ವಾಮಿ ಕೇಳಿದ್ದು?” ಎಂದರು, ತಮ್ಮ ಅಂಗಡಿ ಇಂಗ್ಲಿಷಿನಲ್ಲಿ. “ಒಬ್ಬ ಮಗಳು ತಾಯಿಗೋಸ್ಕರ ನಾಲ್ಕು ಮಾತು ಹೇಳಬೇಕು. ನೀವು ಬಂದು ನಿಂತರೆ ಹೇಳುತ್ತಾಳೆ, ಬರದಿದ್ದರೆ ಇಲ್ಲ. ಬರೀ ನಿಲ್ಲುವುದು! ನಿಲ್ಲಲು ಬರುತ್ತದೆ ತಾನೇ?”

ಸೆಮ್ಯೋನ್ ಅವರ ಬರಿಗಾಲನ್ನು ನೋಡಿದ, ಹಿಂದೆ ನಿಂತಿದ್ದ ಮೈಸೂರು ಪೇಟವನ್ನು ನೋಡಿದ. ಅಂಗಿ ಹುಡುಕಲು ಒಳಗೆ ಹೋದ.

ಮನೆ ಸೇರಿದಾಗ ಏಳಕ್ಕೆ ಎರಡು ನಿಮಿಷ. ಆದರೂ ಆರೇ! ರಬ್ಬಿಯ ಸುಳಿವಿಲ್ಲ, ಬಂದರೂ ಏಳು. ಖಾದರ್ ಸಾಹೇಬರು ಬಾಗಿಲಲ್ಲೇ ಕುಸಿದು ಕೂತರು. ಮೂವತ್ತೊಂದು ವರ್ಷ ಊರಿಗೆಲ್ಲ ಜನ ಹೊಂದಿಸಿದ ತಾನು, ಬದನೆಕಾಯಿ ಹಿಡಿದು ಬೈದ ಆ ಮುದುಕಿಗೆ ಬೇಕಾದ ಹತ್ತು ಜನರನ್ನು ಹೊಂದಿಸಲಾಗಲಿಲ್ಲವಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡರು. “ಆಗ್ಲಿಲ್ಲ ತಂಗೀ,” ಎಂದರು. ಸರೀನಾ, “ನೀವು ಕಾಲಿಗೆ ಗಾಯ ಮಾಡ್ಕೊಂಡಿದೀರಾ” ಎಂದಳು.

ಅಷ್ಟರಲ್ಲಿ ಸೈಕಲ್ ಹೆಲ್ಮೆಟ್ ಹಾಕಿದ ಒಬ್ಬ ಹೆಂಗಸು, ನಲವತ್ತರ ಆಸುಪಾಸು, ಬೆನ್ನಿಗೆ ಚೀಲ, ಕೆಂಪಗಾದ ಮುಖ, ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದಳು. ಫ್ರೀವೇ ನಿಂತಿದೆಯೆಂದು ಕಾರು ಬಿಟ್ಟು, ಸೈಕಲ್ ಸಮೇತ ಟ್ರೈನು ಹತ್ತಿ, ಸ್ಟೇಷನ್ನಿನಿಂದ ತುಳಿದುಕೊಂಡು ಬಂದಿದ್ದಳಂತೆ.

“ಕ್ಷಮಿಸಿ. ನಾನು ಏರಿಯಲ್. ಶುರು ಮಾಡಿಲ್ಲವೇ?”

ಖಾದರ್ ಸಾಹೇಬರ ಬಾಯಿ ತೆರೆದದ್ದು ಹಾಗೇ ಉಳಿಯಿತು. ರಬ್ಬಿ ಎಂದರೆ ಹೆಂಗಸೇ! “ಹತ್ತು ಗಂಡಸರಿಲ್ಲ ಮೇಡಂ,” ಎಂದರು ತೊದಲುತ್ತಾ. “ಆರೇ ಜನ.”

ರಬ್ಬಿ ಹೆಲ್ಮೆಟ್ ತೆಗೆದು ಸೋಫಾದ ಕಡೆ ನೋಡಿದಳು. “ಇವರು ಯಾರು?”

“ಅವರು... ಲೇಡೀಸು.”

“ಯಹೂದಿಗಳೇ?”

“ಹೌದು.”

“ಹಾಗಾದರೆ ಅವರನ್ನೇಕೆ ಬಿಟ್ಟಿರಿ? ನಮ್ಮ ಸಭೆಯಲ್ಲಿ ಎಲ್ಲರನ್ನೂ ಎಣಿಸುತ್ತೇವೆ.”

ಎಲಿಯಾಸ್ ಮುಂದೆ ಬಂದ. “ನಮ್ಮ ಮನೆತನದಲ್ಲಿ ಹಾಗಿಲ್ಲ,” ಎಂದ. “ಬಾಗ್ದಾದಿನಿಂದಲೂ ಇಲ್ಲ. ಹೆಂಗಸರನ್ನು ಸೇರಿಸಿದರೆ ನನ್ನನ್ನು ಬಿಡಿ.”

ಖಾದರ್ ಸಾಹೇಬರು ತಲೆಯೊಳಗೇ ಓಡೋಡಿ ಲೆಕ್ಕ ಹಾಕಿದರು. ಗಂಡಸರು ಆರು, ಸೋಫಾದಲ್ಲಿ ಇಬ್ಬರು, ರಬ್ಬಿ, ಸರೀನಾ. ಸರಿಯಾಗಿ ಹತ್ತು! ಎಲಿಯಾಸ್ ಹೋದರೆ ಮತ್ತೆ ಒಂಬತ್ತು. ಅವನ ಕಾಲು ಹಿಡಿಯೋಣವೆಂದುಕೊಂಡರು. ಆದರೆ ಇದು ಅವರ ಮನೆಯ ಮಾತು, ತಾನು ಬಾಯಿ ಹಾಕಬಾರದು. ಬದುಕಿನಲ್ಲಿ ಮೊದಲ ಸಲ ಸುಮ್ಮನೆ ನಿಂತರು.

ರಬ್ಬಿ ವಾದ ಮಾಡಲಿಲ್ಲ. ಸ್ಟೂಲಿನ ಮುಂದೆ ಮಂಡಿಯೂರಿ, “ತಾಯಿ ನಿಮ್ಮವರು. ನೀವು ಹೇಳಿ,” ಎಂದಳು.

ಸರೀನಾ ಎಲಿಯಾಸನ ಕಡೆ ತಿರುಗಿದಳು. ಮಾತು ಕನ್ನಡದಲ್ಲೇ ಬಂತು, ಅವರಿಬ್ಬರೂ ಚಿಕ್ಕವರಿದ್ದಾಗ ಆಡುತ್ತಿದ್ದ ಕನ್ನಡ. “ಎಲಿಯಾಸ್, ಅಜ್ಜೀನ ಕಳಿಸಿದ ದಿನ ನೀನಿದ್ದೆ ಅಲ್ವಾ?”

ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಹತ್ತುತ್ತಿತ್ತು. “ಇದ್ದೆ,” ಎಂದ ಎಲಿಯಾಸ್. “ಹದಿನಾಲ್ಕು ವರ್ಷ ನಂಗೆ. ಒಂಬತ್ತರಲ್ಲಿ ನಾನೂ ಒಬ್ಬ. ಮೀಸೇನೂ ಬಂದಿರ್ಲಿಲ್ಲ, ನನ್ನ ಎಣಿಸಿದ್ರು. ಮೊಝೆಲತ್ತೆ ನನ್ನ ಹಿಂದೆನೇ ನಿಂತಿದ್ರು. ಅವರು ಅಳೋ ಉಸಿರು ನನ್ನ ಕತ್ತಿಗೆ ತಾಗ್ತಿತ್ತು.”

ಜೇಬಿನಿಂದ ಪುಸ್ತಕ ತೆಗೆದು, ಬೆಳಿಗ್ಗೆ ಮಗುಚಿದ ಪುಟ ಹುಡುಕಿ ರಬ್ಬಿಯ ಕೈಗೆ ಕೊಟ್ಟ. “ಎಣಿಸಿ,” ಎಂದ. “ಹೊತ್ತಾಗುತ್ತೆ.”

ಖಾಲಿದಾ ಮಕ್ಕಳ ತಲೆ ಎಣಿಸಿದರೆ ದೃಷ್ಟಿಯಾಗುತ್ತದೆ ಎನ್ನುವವರು. ಯಹೂದಿಗಳೂ ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದಿಲ್ಲವಂತೆ. ಹತ್ತು ಪದಗಳ ಒಂದು ಸಾಲಿದೆ, ಒಬ್ಬೊಬ್ಬರ ಮುಂದೆಯೂ ಒಂದೊಂದು ಪದ ಹೇಳುತ್ತಾ ಹೋಗುತ್ತಾರೆ. ಸಾಲು ಪೂರ್ತಿಯಾದರೆ ಜನ ಪೂರ್ತಿಯಾದರು. ರಬ್ಬಿ ಮೊದಲ ಪದ ತನ್ನ ಎದೆ ಮುಟ್ಟಿ ಹೇಳಿಕೊಂಡಳು. ಎರಡನೆಯದು ಎಲಿಯಾಸನಿಗೆ. ಡಾಕ್ಟರಿಗೊಂದು, ಮೇಷ್ಟರಿಗೊಂದು, ಸುಘೋಷನ ಗೆಳೆಯರಿಗೆ ಎರಡು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ ಸೆಮ್ಯೋನನಿಗೊಂದು. ಅವನು ಸೈನಿಕನ ಹಾಗೆ ನೆಟ್ಟಗೆ ನಿಂತ. ಸೋಫಾದ ಇಬ್ಬರು ತಾವಾಗಿಯೇ ಎದ್ದು ನಿಂತರು, ಇಬ್ಬರಿಗೂ ಸಿಕ್ಕಿತು. ಟೋಪಿಗಳ ನಲವತ್ತು ಜನ ಕತ್ತು ಚಾಚಿ ನೋಡುತ್ತಿದ್ದರು. ಖಾದರ್ ಸಾಹೇಬರು ಬೆನ್ನ ಹಿಂದೆ ಬೆರಳು ಮಡಿಸುತ್ತಿದ್ದರು. ಒಂದೇ ಬೆರಳು ಉಳಿದಿತ್ತು.

ರಬ್ಬಿ ಗಿಡ್ಡ ಸ್ಟೂಲಿನ ಮುಂದೆ ಬಂದು ನಿಂತಳು. ಸರೀನಾ ತನ್ನ ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡಿದಳು. ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ರಬ್ಬಿ ಅವಳ ಕಣ್ಣಲ್ಲಿ ಕಣ್ಣಿಟ್ಟು ಹತ್ತನೆಯ ಪದ ಹೇಳಿದಳು.

ಗಂಟೆ ಏಳೂ ಒಂಬತ್ತು. ಸರೀನಾ ಎದ್ದು ನಿಂತಳು, ಎಲಿಯಾಸ್ ಒಂದು ಹೆಜ್ಜೆ ಹಿಂದಕ್ಕೆ ಸರಿದು ಅವಳಿಗೆ ಮುಂದೆ ಜಾಗ ಬಿಟ್ಟ. ಅವಳು ಅಮ್ಮನ ಹೆಸರು ಹೇಳಿದಳು, ಅಜ್ಜಿಯ ಹೆಸರು ಹೇಳಿದಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಕದ್ದಿಶ್ ಶುರು ಮಾಡಿದಳು.